ಕರಿನೀರಿನ ಹೊಳೆ, ಹೊಗೆಯಾಡುವ ನೆಲ

ಬೋರ್ನಿಯೋ ಎಂದೊಡನೆ ನಮ್ಮವರ ಕಣ್ಣಮುಂದೆ ನಿಲ್ಲುವುದು ದಟ್ಟವಾದ ಕಾಡು, ಕೊಂಬೆಯಿಂದ ಕೊಂಬೆಗೆ ತೂಗುವ ಒರಾಂಗುಟಾನ್, ಎಡೆಬಿಡದ ಮಳೆ. ಭೂಮಧ್ಯರೇಖೆಯು ಈ ಮಹಾದ್ವೀಪದ ನಡುವನ್ನೇ ಸೀಳಿಕೊಂಡು ಹೋಗಿದೆ. ದ್ವೀಪದ ಮುಕ್ಕಾಲು ಪಾಲು ಇಂಡೋನೇಶಿಯಕ್ಕೆ ಸೇರಿದ್ದು, ಅಲ್ಲಿನವರು ಅದನ್ನು ಕಾಲಿಮಂತಾನ್ ಎಂದು ಕರೆಯುತ್ತಾರೆ. ಅದರ ಪ್ರಾಂತಗಳಲ್ಲಿ ಒಂದಾದ ಮಧ್ಯ ಕಾಲಿಮಂತಾನ್ ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು. ಆದರೆ ಜನಸಂಖ್ಯೆ ಮಾತ್ರ 2020ರ ಗಣತಿಯ ಪ್ರಕಾರ ಮೂವತ್ತು ಲಕ್ಷವನ್ನೂ ಮುಟ್ಟುವುದಿಲ್ಲ. ಇಷ್ಟು ವಿರಳವಾಗಿ ಜನ ನೆಲೆಸಿರುವ ನಾಡಿನ ಹೆಸರು ಪ್ರಪಂಚದ ಹವಾಮಾನ ಸಮ್ಮೇಳನಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದೇಕೆ? ಅದಕ್ಕೆ ಉತ್ತರ ಅಲ್ಲಿನ ಮರಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಮರಗಳ ಬೇರಿನ ಕೆಳಗಿದೆ.

ಈ ನಾಡು ನಮಗೆ ತೀರ ಅಪರಿಚಿತವೇನೂ ಅಲ್ಲ. ಪೂರ್ವ ಕಾಲಿಮಂತಾನಿನ ಮುವಾರಾ ಕಾಮನ್ ಎಂಬಲ್ಲಿ ದೊರೆತ ಯೂಪಸ್ತಂಭಗಳ ಮೇಲೆ ಮೂಲವರ್ಮನೆಂಬ ಅರಸನ ದಾನಗಳನ್ನು ಹೊಗಳುವ ಸಂಸ್ಕೃತ ಶ್ಲೋಕಗಳಿವೆ. ಅಕ್ಷರಗಳು ದಕ್ಷಿಣ ಭಾರತದ ಪಲ್ಲವ ಲಿಪಿಯವು. ಕಾಲ ಸುಮಾರು ಕ್ರಿ.ಶ. 400, ಎಂದರೆ ನಮ್ಮ ಹಲ್ಮಿಡಿ ಶಾಸನಕ್ಕಿಂತಲೂ ಕೊಂಚ ಹಿಂದಿನದು. ನಮ್ಮ ಕಡೆಯ ಹಡಗುಗಳು ಆ ತೀರಗಳನ್ನು ಬಲ್ಲವಾಗಿದ್ದ ಕಾಲವೊಂದಿತ್ತು ಎಂಬುದನ್ನು ಮರೆಯಬಾರದು.

ಸುಕರ್ಣೋ ಕನಸಿನ ಪಟ್ಟಣ

ಮಧ್ಯ ಕಾಲಿಮಂತಾನಿನ ರಾಜಧಾನಿ ಪಲಂಗ್ಕಾ ರಾಯಾ. 1957ರ ಜುಲೈ 17ರಂದು ಅಧ್ಯಕ್ಷ ಸುಕರ್ಣೋ ಅವರು ಕಾಹಾಯಾನ್ ಹೊಳೆಯ ದಡದ ಪಾಹಾಂದುತ್ ಎಂಬ ಹಳ್ಳಿಯ ಬಳಿ ಮೊದಲ ಕಂಬ ನೆಟ್ಟು ಈ ಪಟ್ಟಣವನ್ನು ಆರಂಭಿಸಿದರು. ಇಡೀ ದೇಶದ ರಾಜಧಾನಿಯನ್ನೇ ಇಲ್ಲಿಗೆ ತರಬೇಕೆಂಬ ಆಸೆ ಅವರಿಗಿತ್ತೆಂದು ಊರಿನವರು ಈಗಲೂ ಹೇಳಿಕೊಳ್ಳುತ್ತಾರೆ. ಆಸೆಯ ಕುರುಹೋ ಎಂಬಂತೆ ರಸ್ತೆಗಳು ಅಗಲವಾಗಿವೆ. ನಟ್ಟನಡುವೆ ಒಂದು ಬೃಹತ್ ವೃತ್ತ, ಅಲ್ಲಿಂದ ಕಿರಣಗಳಂತೆ ಹೊರಡುವ ಬೀದಿಗಳು. ಊರಿನಿಂದ ಹೊರಕ್ಕೆ ಹೋಗುವ ಒಂದು ರಸ್ತೆಗೆ ಇಂದಿಗೂ ‘ರಷ್ಯಾ ರಸ್ತೆ’ ಎಂದೇ ಹೆಸರು. ಸೋವಿಯೆತ್ ಎಂಜಿನಿಯರುಗಳು 1960ರ ದಶಕದಲ್ಲಿ ಮೆತ್ತನೆಯ ನೆಲವನ್ನು ಅಗೆದು ತೆಗೆದು, ಮರಳು ತುಂಬಿ ಅದನ್ನು ಕಟ್ಟಿದರು. ದಕ್ಷಿಣಕ್ಕೆ ಬಂಜಾರ್ಮಾಸಿನ್ ಕಡೆಗೆ ಹೊರಟರೆ ತುಂಬಾಂಗ್ ನುಸಾ ಎಂಬಲ್ಲಿ ರಸ್ತೆಯು ನೆಲವನ್ನೇ ಬಿಟ್ಟು ಕಿಲೋಮೀಟರುಗಟ್ಟಲೆ ಕಂಬಗಳ ಮೇಲೆ ಸಾಗುತ್ತದೆ. ಕೆಳಗೆ ಹೊಳೆಯಿಲ್ಲ, ಕಣಿವೆಯಿಲ್ಲ. ಇರುವುದು ಭಾರ ಹೊರಲಾರದ ನೆಲ.

ಇಲ್ಲಿನ ಮೂಲನಿವಾಸಿಗಳು ನ್ಗಾಜು ದಯಾಕರು. ಅವರ ಪೂರ್ವಿಕರ ಧರ್ಮಕ್ಕೆ ಕಾಹಾರಿಂಗನ್ ಎಂದು ಹೆಸರು. 1980ರಲ್ಲಿ ಇಂಡೋನೇಶಿಯ ಸರಕಾರ ಅದನ್ನು ಹಿಂದೂ ಧರ್ಮದ ಒಂದು ಶಾಖೆಯೆಂದು ಮನ್ನಿಸಿತು. ಸತ್ತವರನ್ನು ಮೊದಲು ಮಣ್ಣು ಮಾಡಿ, ವರ್ಷಗಳ ನಂತರ ‘ತಿವಾ’ ಎಂಬ ದೊಡ್ಡ ಉತ್ತರಕ್ರಿಯೆ ನಡೆಸಿ, ಮೂಳೆಗಳನ್ನು ಕೆತ್ತನೆಯ ಪುಟ್ಟ ಮರದ ಮನೆಗಳಲ್ಲಿ ಇಡುತ್ತಾರೆ. ಹಳ್ಳಿಗಳಲ್ಲಿ ಈ ಪುಟ್ಟ ಮನೆಗಳನ್ನು ಕಂಡಾಗ ನೆಲಕ್ಕೂ ಹಿರಿಯರಿಗೂ ಇರುವ ನಂಟು ಎಷ್ಟು ಬಿಗಿಯಾದದ್ದೆಂಬುದು ತಾನಾಗಿ ತಿಳಿಯುತ್ತದೆ.

ಚಹಾ ಬಣ್ಣದ ನೀರು

ಪಟ್ಟಣದ ಅಂಚಿನಲ್ಲಿ ಕೆರೆಂಗ್ ಬಂಗ್ಕಿರಾಯ್ ಎಂಬ ದೋಣಿಗಟ್ಟೆಯಿದೆ. ಅಲ್ಲಿಂದ ‘ಕ್ಲೊತೊಕ್’ ಎಂಬ ಯಂತ್ರದ ದೋಣಿಯನ್ನು ಹತ್ತಿದರೆ ಸೆಬಾಂಗಾವ್ ಹೊಳೆ. ಅದರ ನೀರು ಹಾಲು ಬೆರೆಸದ ಚಹಾದಂತೆ ಕಪ್ಪು. ಆದರೆ ಕೊಳೆಯಲ್ಲ. ಬೊಗಸೆಯಲ್ಲಿ ಹಿಡಿದರೆ ತಿಳಿಯಾದ ಕಂದು ಬಣ್ಣ. ದೋಣಿ ನಿಂತಾಗ ಆಕಾಶದ ಮೋಡಗಳೂ ದಡದ ಗಿಡಗಳೂ ಅದರಲ್ಲಿ ಕನ್ನಡಿಯೊಳಗೆ ಮೂಡಿದಂತೆ ಮೂಡುತ್ತವೆ. ಎಲೆ ಬೇರುಗಳ ಒಗರು ರಸ ಇಳಿದಿಳಿದು ನೀರಿಗೆ ಈ ಬಣ್ಣ ಬಂದಿದೆ. ಹೊಳೆಯ ಆಚೆಗೆ ಸೆಬಾಂಗಾವ್ ರಾಷ್ಟ್ರೀಯ ಉದ್ಯಾನ. ಐದು ಲಕ್ಷ ಹೆಕ್ಟೇರಿಗೂ ಮಿಗಿಲಾದ ಈ ಜೌಗು ಕಾಡಿಗೆ 2004ರಲ್ಲಿ ರಕ್ಷಣೆ ದೊರೆಯಿತು. ಸಾವಿರಾರು ಒರಾಂಗುಟಾನ್‌ಗಳಿಗೆ ಇದೇ ತವರು.

ಈ ಕಾಡು ನಿಂತಿರುವುದು ಮಣ್ಣಿನ ಮೇಲಲ್ಲ. ಬಿದ್ದ ಎಲೆ, ಕೊಂಬೆ, ಬೊಡ್ಡೆಗಳು ನಿಂತ ನೀರಿನಲ್ಲಿ ಗಾಳಿಯಿಲ್ಲದೆ ಪೂರ್ತಿ ಕೊಳೆಯಲಾರದೆ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಕೂಡುತ್ತ ಬಂದಿವೆ. ಇದಕ್ಕೆ ಪೀಟ್ ಎಂದು ಹೆಸರು. ಅಲ್ಲಿನವರು ಗಂಬೂತ್ ಎನ್ನುತ್ತಾರೆ. ಕೆಲವೆಡೆ ಇದರ ಆಳ ಹತ್ತು ಮೀಟರಿಗೂ ಹೆಚ್ಚು, ಎಂದರೆ ಮೂರು ಅಂತಸ್ತಿನ ಮನೆಯೊಂದು ಮುಳುಗುವಷ್ಟು. ಮರಗಳು ಸಾವಿರಾರು ವರ್ಷ ಗಾಳಿಯಿಂದ ಹೀರಿದ ಇಂಗಾಲವೆಲ್ಲ ಇಲ್ಲಿ ಒದ್ದೆ ಕಣಜದಲ್ಲಿ ಭದ್ರವಾಗಿದೆ. ಕಣಜದ ಬೀಗ ಯಾವುದೆಂದರೆ ನೀರು. ನೀರಿರುವ ತನಕ ಅದು ಕೊಳೆಯದು, ಉರಿಯದು. ನೀರು ಬಸಿದುಹೋದರೆ ಗಾಳಿ ಒಳಹೊಕ್ಕು ಪೀಟ್ ಕೊಳೆಯತೊಡಗುತ್ತದೆ, ನೆಲ ವರ್ಷವರ್ಷವೂ ಕುಸಿಯುತ್ತದೆ. ಬೇಸಗೆಯಲ್ಲಿ ಒಂದು ಕಿಡಿ ಬಿದ್ದರಂತೂ ನೆಲವೇ ಉರುವಲು. ಬೆಂಕಿ ನೆಲದೊಳಗೆ ವಾರಗಟ್ಟಲೆ ತೆವಳುತ್ತ, ಎಲ್ಲೋ ದೂರದಲ್ಲಿ ಮತ್ತೆ ತಲೆಯೆತ್ತುತ್ತದೆ. ಮೇಲೆ ನೀರು ಸುರಿದರೆ ಅದು ಆರುವುದಿಲ್ಲ.

ಅಕ್ಕಿಗಾಗಿ ತೋಡಿದ ಕಾಲುವೆ

ನೀರನ್ನು ಮೊದಲು ಬಸಿದದ್ದು ವಿದೇಶದವರಲ್ಲ. ಇಂಡೋನೇಶಿಯ ಅಕ್ಕಿಯಲ್ಲಿ ಮತ್ತೆ ಸ್ವಾವಲಂಬಿಯಾಗಬೇಕೆಂದು ಅಧ್ಯಕ್ಷ ಸುಹಾರ್ತೋ ಅವರು 1995ರ ಕೊನೆಯಲ್ಲಿ ಆಜ್ಞೆ ಹೊರಡಿಸಿದರು. ಪಲಂಗ್ಕಾ ರಾಯಾದ ದಕ್ಷಿಣಕ್ಕೂ ಪೂರ್ವಕ್ಕೂ ಇರುವ ಹತ್ತು ಲಕ್ಷ ಹೆಕ್ಟೇರ್ ಜೌಗನ್ನು ಗದ್ದೆ ಮಾಡುವ ಮಹಾಯೋಜನೆ ಅದು. ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆಗಳನ್ನು ತೋಡಿದರು. ಜಾವಾ ಮೊದಲಾದ ದ್ವೀಪಗಳಿಂದ ಸಾವಿರಾರು ಕುಟುಂಬಗಳನ್ನು ತಂದು ನೆಲೆಗೊಳಿಸಿದರು. ಕಾಡು ಹೋಯಿತು, ನೀರು ಹೋಯಿತು, ಅಕ್ಕಿ ಮಾತ್ರ ಬರಲಿಲ್ಲ. ಹುಳಿಯಾದ ಆ ನೆಲದಲ್ಲಿ ಭತ್ತ ಏಳಲಿಲ್ಲ. ಸುಹಾರ್ತೋ ಇಳಿದ ಮೇಲೆ ಯೋಜನೆಯೂ ನಿಂತಿತು. ಕಾಲುವೆಗಳು ಮಾತ್ರ ಹಗಲಿರುಳೂ ನೀರನ್ನು ಬಸಿಯುತ್ತ ಉಳಿದವು.

1997ರಲ್ಲಿ ಎಲ್ ನಿನ್ಯೋ ಬರ ಬಂದಾಗ ಒಣಗಿದ ಪೀಟ್ ಹತ್ತಿಕೊಂಡಿತು. ಆ ವರ್ಷ ಇಂಡೋನೇಶಿಯದ ಪೀಟ್ ಮತ್ತು ಕಾಡಿನ ಬೆಂಕಿಯಿಂದ ಹೊರಬಿದ್ದ ಇಂಗಾಲವು ಇಡೀ ಪ್ರಪಂಚ ಒಂದು ವರ್ಷದಲ್ಲಿ ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟು ಹೊರಬಿಡುವ ಇಂಗಾಲದ 13ರಿಂದ 40 ಶೇಕಡದಷ್ಟಿತ್ತೆಂದು ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಆ ಹೊಗೆ ಅಡಗಿ ಇನ್ನೂ ಕೆಲವೇ ವಾರಗಳಾಗಿದ್ದಾಗ, ಅದೇ ಡಿಸೆಂಬರಿನಲ್ಲಿ, ಜಪಾನಿನ ಕ್ಯೋಟೋ ನಗರದಲ್ಲಿ ರಾಷ್ಟ್ರಗಳು ಸೇರಿ ಹವಾಮಾನದ ಒಪ್ಪಂದವನ್ನು ಬರೆದವು. ಶ್ರೀಮಂತ ರಾಷ್ಟ್ರಗಳು ತಮ್ಮ ಹೊಗೆಯನ್ನು ಕಡಮೆ ಮಾಡಬೇಕೆಂಬುದು ಅದರ ತಿರುಳು. ಬಡ ರಾಷ್ಟ್ರಗಳ ಮೇಲೆ ಅಂಥ ಹೊರೆಯಿರಲಿಲ್ಲ. ಇದು ನ್ಯಾಯವೇ ಸರಿ. ಆದರೆ ಇದರಿಂದ ಒಂದು ವಿಚಿತ್ರವೂ ಹುಟ್ಟಿತು. ಬರಿಯ ಬಯಲಿನಲ್ಲಿ ಗಿಡ ನೆಟ್ಟರೆ ಆ ಒಪ್ಪಂದದ ಏರ್ಪಾಡಿನಲ್ಲಿ ಹಣ ದೊರೆಯುತ್ತಿತ್ತು. ನಿಂತ ಕಾಡನ್ನು ಕಡಿಯದೆ ಉಳಿಸಿಕೊಂಡರೆ ಕವಡೆಯೂ ಇರಲಿಲ್ಲ.

ದೂರದ ಕಾರಿಗೆ ಇಲ್ಲಿನ ಎಣ್ಣೆ

ತಾಳೆ ಎಣ್ಣೆಯ ಮರ ಇಲ್ಲಿನದಲ್ಲ, ಪಶ್ಚಿಮ ಆಫ್ರಿಕದ್ದು. 1848ರಲ್ಲಿ ಡಚ್ಚರು ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ನಾಲ್ಕು ಸಸಿಗಳನ್ನು ನೆಟ್ಟರು. ಆ ನಾಲ್ಕು ಇಂದು ಸುಮಾರು 1.6 ಕೋಟಿ ಹೆಕ್ಟೇರಾಗಿ ಹಬ್ಬಿ ಇಂಡೋನೇಶಿಯವನ್ನು ಪ್ರಪಂಚದ ಮೊದಲ ತಾಳೆ ಎಣ್ಣೆಯ ದೇಶವನ್ನಾಗಿ ಮಾಡಿದೆ. ಮರವನ್ನು ದೂಷಿಸಿ ಫಲವಿಲ್ಲ. ಒಂದು ಹೆಕ್ಟೇರಿನಲ್ಲಿ ಇಷ್ಟು ಎಣ್ಣೆ ಕೊಡುವ ಬೆಳೆ ಇನ್ನೊಂದಿಲ್ಲ. ತೋಟಗಳಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಸಣ್ಣ ಹಿಡುವಳಿದಾರರವು. ಮಕ್ಕಳ ಶಾಲೆಯ ಖರ್ಚನ್ನೂ ಮನೆಯ ಮಾಡನ್ನೂ ಈ ಕೆಂಪು ಗೊನೆಗಳಿಂದಲೇ ಕಂಡವರು ಲಕ್ಷಗಟ್ಟಲೆ ಇದ್ದಾರೆ.

ಇತ್ತ ಐರೋಪ್ಯ ಒಕ್ಕೂಟವು ತನ್ನ ವಾಹನಗಳ ಹೊಗೆಯನ್ನು ತಗ್ಗಿಸಬೇಕೆಂದು ಸಸ್ಯಜನ್ಯ ಇಂಧನವನ್ನು ಪ್ರೋತ್ಸಾಹಿಸತೊಡಗಿತು. 2010ರ ಹೊತ್ತಿಗೆ ಸಾರಿಗೆಯ ಇಂಧನದಲ್ಲಿ 5.75 ಶೇಕಡ ಇಂಥದಾಗಿರಲೆಂದು 2003ರಲ್ಲಿ ಗುರಿಯಿಟ್ಟರು. 2020ಕ್ಕೆ ಸಾರಿಗೆಯ ಶಕ್ತಿಯಲ್ಲಿ 10 ಶೇಕಡ ನವೀಕರಿಸಬಹುದಾದ ಮೂಲದಿಂದ ಬರಲೇಬೇಕೆಂದು 2009ರಲ್ಲಿ ವಿಧಿಸಿದರು. ಲೆಕ್ಕ ಸರಳವಾಗಿತ್ತು. ಸಸ್ಯ ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಉರಿದಾಗ ಹೊರಬರುತ್ತದೆ. ಆದುದರಿಂದ ಕಾರಿನ ಕೊಳವೆಯಲ್ಲಿ ಹೊಗೆ ಸೊನ್ನೆ! ಆ ಸಸ್ಯಕ್ಕೆ ಜಾಗ ಮಾಡಿಕೊಡಲು ಬಸಿದ ಜೌಗಿನ ಹೊಗೆಯು ಯುರೋಪಿನ ಪುಸ್ತಕದಲ್ಲಿ ಬೀಳುವುದಿಲ್ಲ. ಅದು ಇಂಡೋನೇಶಿಯದ್ದು. ಇಂಡೋನೇಶಿಯಕ್ಕೆ ಕ್ಯೋಟೋದ ಮಿತಿಯಿಲ್ಲ. ಹೀಗೆ ಎರಡು ಪುಸ್ತಕಗಳ ನಡುವಣ ಬಿರುಕಿನಲ್ಲಿ ಇಡೀ ಕಾಡೊಂದು ಜಾರಿಹೋಗಬಹುದಾಗಿತ್ತು.

ನಿಯಮ ಬರೆದವರು ಇದನ್ನು ಯೋಚಿಸಲೇ ಇಲ್ಲವೆನ್ನುವುದು ತಪ್ಪು. 2008ರ ಜನವರಿಯ ನಂತರ ಕಾಡು ಕಡಿದೋ ಪೀಟ್ ಬಸಿದೋ ಮಾಡಿದ ತೋಟದ ಎಣ್ಣೆಯನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲವೆಂದು ಷರತ್ತು ಹಾಕಿದ್ದರು. ಆದರೆ ಮಾರುಕಟ್ಟೆಯ ಬುದ್ಧಿಯೇ ಬೇರೆ. ಒಂದು ಊರಿನ ಹಳೆಯ ತೋಟದ ತೆಂಗಿನಕಾಯನ್ನೆಲ್ಲ ಹೆಚ್ಚು ಬೆಲೆ ಕೊಡುವ ಹೊಸ ಗಿರಾಕಿ ಕೊಂಡನೆನ್ನಿ. ಆತನ ಕೈ ಶುದ್ಧವಾಗಿಯೇ ಇದೆ. ಆದರೆ ಹಳೆಯ ಗಿರಾಕಿಗಳಿಗೂ ಕಾಯಿ ಬೇಕಷ್ಟೆ? ಅವರಿಗಾಗಿ ಗುಡ್ಡದ ಆಚೆ ಕಾಡು ಸವರಿ ಹೊಸ ತೋಟ ಏಳುತ್ತದೆ. ಯುರೋಪಿಗೆ ಹಳೆಯ ತೋಟದ ಎಣ್ಣೆ ಹೋಯಿತು. ಅಡುಗೆಗೂ ಸಾಬೂನಿಗೂ ಬೇಕಾದ ಎಣ್ಣೆಗಾಗಿ ಹೊಸ ಕಾಲುವೆಗಳು ಜೌಗನ್ನು ಹೊಕ್ಕವು. ಪೀಟ್ ಕಾಡನ್ನು ಬಸಿದು ತಾಳೆ ಹಾಕಿದರೆ, ಆ ಎಣ್ಣೆಯಿಂದ ಉಳಿಯುವ ಹೊಗೆಯು ಆದ ನಷ್ಟವನ್ನು ತುಂಬಲು 400 ವರ್ಷಗಳಿಗೂ ಹೆಚ್ಚು ಕಾಲ ಬೇಕೆಂದು ಅಮೆರಿಕದ ವಿಜ್ಞಾನಿಗಳು 2008ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ತಾಳೆ ಮರದ ಆಯುಸ್ಸಾದರೋ ಸುಮಾರು 25 ವರ್ಷ! ಹೀಗಿದ್ದರೂ ಒಂದು ಹಂತದಲ್ಲಿ ಐರೋಪ್ಯ ಒಕ್ಕೂಟ ತರಿಸಿಕೊಂಡ ತಾಳೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ವಾಹನಗಳ ತೊಟ್ಟಿಗೇ ಹೋಗುತ್ತಿತ್ತು.

ಹಳದಿ ಆಕಾಶದ ತಿಂಗಳುಗಳು

2015ರಲ್ಲಿ ಮತ್ತೆ ಬರ, ಮತ್ತೆ ಬೆಂಕಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಂಡೋನೇಶಿಯದಲ್ಲಿ 26 ಲಕ್ಷ ಹೆಕ್ಟೇರ್ ಸುಟ್ಟಿತೆಂದೂ ನಷ್ಟ 1,600 ಕೋಟಿ ಡಾಲರಿಗೂ ಮಿಗಿಲೆಂದೂ ವಿಶ್ವ ಬ್ಯಾಂಕ್ ಅಂದಾಜು ಮಾಡಿತು. ಪಲಂಗ್ಕಾ ರಾಯಾದಲ್ಲಿ ನಡುಹಗಲಿನಲ್ಲಿ ಆಕಾಶ ಹಳದಿಯಾಗಿ, ಎದುರಿನ ಮನೆ ಕಾಣದಂತಾಯಿತು. ಶಾಲೆಗಳು ಮುಚ್ಚಿದವು. ವಿಮಾನಗಳು ನಿಂತವು. ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಉಸಿರಾಟದ ತೊಂದರೆಯಿಂದ ನರಳಿದರು. ಹಸುಗೂಸುಗಳನ್ನು ಎಲ್ಲಿ ಮಲಗಿಸುವುದೆಂಬುದೇ ತಾಯಂದಿರಿಗೆ ಚಿಂತೆಯಾಗಿತ್ತು. ಕಿಟಕಿ ಬಾಗಿಲುಗಳ ಸಂದಿಗೆ ಒದ್ದೆ ಬಟ್ಟೆ ತುರುಕಿದರೂ ಹೊಗೆ ನಿಲ್ಲುತ್ತಿರಲಿಲ್ಲ. ಈ ಬೆಂಕಿಗೆ ತಾಳೆ ತೋಟಗಳೊಂದೇ ಕಾರಣವಲ್ಲ. ಸುಹಾರ್ತೋ ಕಾಲದ ಕಾಲುವೆ, ಕಾಗದದ ತಿರುಳಿನ ನೆಡುತೋಪು, ಅಗ್ಗವಾಗಿ ನೆಲ ಸವರುವ ಆತುರ, ಬರ ಎಲ್ಲವೂ ಕೂಡಿಕೊಂಡಿದ್ದವು. ಅದೇ ಡಿಸೆಂಬರಿನಲ್ಲಿ ರಾಷ್ಟ್ರಗಳು ಪ್ಯಾರಿಸಿನಲ್ಲಿ ಕಲೆತು ಇನ್ನೊಂದು ಒಪ್ಪಂದಕ್ಕೆ ಬಂದವು. ಹದಿನೆಂಟು ವರ್ಷಗಳ ಹಿಂದಿನಂತೆಯೇ ಈ ಸಲವೂ ಸಮ್ಮೇಳನಕ್ಕಿಂತ ಮೊದಲು ಹೊಗೆ ಬಂದಿತ್ತು.

ಕಾಡಿಗೆ ಕಟ್ಟಿದ ಬೆಲೆ

ನಿಂತ ಕಾಡಿಗೂ ಬೆಲೆ ಕೊಡಬೇಕೆಂಬ ವಿಚಾರವನ್ನು 2007ರಲ್ಲಿ ಬಾಲಿ ದ್ವೀಪದ ಸಮ್ಮೇಳನ ಎತ್ತಿಕೊಂಡಿತು. ಅದೇ ವರ್ಷ ಆಸ್ಟ್ರೇಲಿಯ ಮುಂದೆ ಬಂದು, ಕೈಬಿಟ್ಟ ಭತ್ತದ ಯೋಜನೆಯ ನೆಲದಲ್ಲಿ ಎರಡು ಲಕ್ಷ ಹೆಕ್ಟೇರನ್ನು ಮತ್ತೆ ಜೌಗು ಮಾಡುವುದಾಗಿಯೂ ಹತ್ತು ಕೋಟಿ ಗಿಡಗಳನ್ನು ನೆಡುವುದಾಗಿಯೂ ಸಾರಿತು. ಗುರಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಗಿ, ದೊಡ್ಡ ಕಾಲುವೆಗಳನ್ನು ಕಟ್ಟುವ ಮೊದಲೇ 2014ರಲ್ಲಿ ಕೆಲಸ ಮುಗಿಯಿತು. 2010ರಲ್ಲಿ ನಾರ್ವೆ ನೂರು ಕೋಟಿ ಡಾಲರುಗಳ ಮಾತು ಕೊಟ್ಟಿತು. ಅದರ ಪ್ರಯೋಗಕ್ಕೆ ಮಧ್ಯ ಕಾಲಿಮಂತಾನೇ ಆಯ್ಕೆಯಾಯಿತು. 2011ರಲ್ಲಿ ಇಂಡೋನೇಶಿಯ ಮೂಲಕಾಡು ಮತ್ತು ಪೀಟ್ ನೆಲಗಳಿಗೆ ಹೊಸ ಪರವಾನಿಗೆ ಕೊಡುವುದನ್ನು ನಿಲ್ಲಿಸಿತು. ಕಾಡುನಾಶ ಇಳಿದ ವರ್ಷಗಳಿಗೆ ಸಲ್ಲಬೇಕಾದ ಹಣ ಬರಲಿಲ್ಲವೆಂದು 2021ರಲ್ಲಿ ಆ ಒಪ್ಪಂದವನ್ನು ಇಂಡೋನೇಶಿಯವೇ ಮುರಿಯಿತು. 2022ರಲ್ಲಿ ಇನ್ನೊಂದು ಒಪ್ಪಂದವಾಗಿ 5.6 ಕೋಟಿ ಡಾಲರು ಸಂದಿತು. ಮಾತಿನ ಮೊತ್ತಕ್ಕೂ ಸಂದ ಮೊತ್ತಕ್ಕೂ ನಡುವೆ ಎಷ್ಟು ಅಂತರ!

ಈ ನಡುವೆ ಯುರೋಪಿನ ಮನಸ್ಸೂ ಬದಲಾಯಿತು. ಐರೋಪ್ಯ ಆಯೋಗವೇ ಮಾಡಿಸಿ 2016ರಲ್ಲಿ ಹೊರತಂದ ಅಧ್ಯಯನದಂತೆ, ಭೂಬಳಕೆಯ ಬದಲಾವಣೆಯೊಂದರಿಂದಲೇ ತಾಳೆ ಡೀಸೆಲ್ಲಿನ ಪ್ರತಿ ಮೆಗಾಜೂಲಿಗೆ 231 ಗ್ರಾಂ ಇಂಗಾಲಾಮ್ಲ ತಗಲುತ್ತಿತ್ತು. ಮಾಮೂಲಿ ಪೆಟ್ರೋಲು ಡೀಸೆಲ್ಲುಗಳದ್ದು ಸುಮಾರು 94 ಗ್ರಾಂ! ಮದ್ದೆಂದು ಕೊಟ್ಟದ್ದು ರೋಗಕ್ಕಿಂತ ಕೆಟ್ಟದ್ದಾಗಿತ್ತು. 2030ರೊಳಗೆ ತಾಳೆ ಎಣ್ಣೆಯನ್ನು ಲೆಕ್ಕದಿಂದ ಬಿಡುವುದೆಂದು 2019ರಲ್ಲಿ ಗೊತ್ತುಮಾಡಿದರು. ‘ನಿನ್ನೆ ಬೆಳೆಯಿರೆಂದಿರಿ, ಇಂದು ಬೇಡವೆನ್ನುತ್ತೀರಿ. ನಿಮ್ಮ ರೈತರ ಸಾಸುವೆ ಎಣ್ಣೆಗೆ ಮಾತ್ರ ಬಾಗಿಲು ತೆರೆದಿದೆಯಲ್ಲ?’ ಎಂಬುದು ಇಂಡೋನೇಶಿಯದ ವಾದವಾಗಿತ್ತು. ಅದು ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿತ್ತಿತು. 2025ರ ಜನವರಿಯಲ್ಲಿ ಬಂದ ತೀರ್ಪು, ಹವಾಮಾನಕ್ಕಾಗಿ ನಿಯಮ ಮಾಡುವ ಹಕ್ಕನ್ನು ಒಪ್ಪಿಯೂ ಅದನ್ನು ನಡೆಸಿದ ಬಗೆಯಲ್ಲಿ ತಾರತಮ್ಯದ ದೋಷ ಕಂಡಿತು. ಅಷ್ಟರಲ್ಲಿ ಇಂಡೋನೇಶಿಯ ತನ್ನ ವಾಹನಗಳಿಗೇ ಈ ಎಣ್ಣೆಯನ್ನು ಬೆರೆಸತೊಡಗಿತ್ತು. 2020ರಲ್ಲಿ ಡೀಸೆಲ್ಲಿಗೆ 30 ಶೇಕಡ, 2025ರಲ್ಲಿ 40 ಶೇಕಡ. ಒಂದು ಬಾಗಿಲು ಮುಚ್ಚಿದರೆ ತೋಟ ಮತ್ತೆ ಕಾಡಾಗುವುದಿಲ್ಲ, ಎಣ್ಣೆ ಇನ್ನೊಂದು ಬಾಗಿಲು ಹುಡುಕಿಕೊಳ್ಳುತ್ತದೆ.

ಬೆಂಕಿಯೂ ಬೇಡ, ಭತ್ತವೂ ಇಲ್ಲ

ಈ ಲೆಕ್ಕಾಚಾರದ ಕಟ್ಟಕಡೆಯ ತುದಿಯಲ್ಲಿ ದಯಾಕ್ ರೈತ ನಿಂತಿದ್ದಾನೆ. ನಮ್ಮ ಮಲೆನಾಡಿನ ಕುಮರಿ ಬೇಸಾಯದಂತೆ ಅವನದೂ ಸುಟ್ಟು ಬಿತ್ತುವ ಪದ್ಧತಿ. ಗಾಳಿ ನೋಡಿ, ಅಂಚು ಕಡಿದು, ಊರವರೆಲ್ಲ ಕಾವಲು ನಿಂತು ಸಣ್ಣ ತುಂಡನ್ನು ಸುಡುವ ವಿದ್ಯೆ ಅವನಿಗೆ ಪೂರ್ವಾರ್ಜಿತ. ಎರಡು ಹೆಕ್ಟೇರಿನೊಳಗೆ ಹೀಗೆ ಸುಡುವುದಕ್ಕೆ 2009ರ ಪರಿಸರ ಕಾನೂನು ಎಡೆಯನ್ನೂ ಇಟ್ಟಿತ್ತು. 2015ರ ನಂತರ ಸುಡುವುದೇ ಕೂಡದೆಂದು ಬಿಗಿಯಾಯಿತು. ನೆಲ ಹದಮಾಡುವ ಯಂತ್ರವೂ ಗೊಬ್ಬರವೂ ಸಾಕಷ್ಟು ದೊರೆಯದ ಹಳ್ಳಿಗಳಲ್ಲಿ ಎಷ್ಟೋ ಮಂದಿ ನಾಡಭತ್ತ ಬಿತ್ತುವುದನ್ನೇ ಬಿಟ್ಟರು. ಅಂಗಡಿಯ ಅಕ್ಕಿಗೆ ಕಾಸು ಬೇಕು. ಕಾಸಿಗೆ ತಾಳೆ ತೋಟದ ಕೂಲಿ ಇದೆ! ಕಾಡನ್ನು ಉಳಿಸಲು ಹೊರಟ ನಿಯಮವೇ ಮನುಷ್ಯನನ್ನು ಕಾಡಿನಿಂದ ತೋಟಕ್ಕೆ ತಳ್ಳುವುದೆಂದರೆ ಹೀಗೆ.

ಆದರೂ ಈ ನಾಡಿನಲ್ಲಿ ಒಳ್ಳೆಯದೂ ನಡೆದಿದೆ. 2016ರಲ್ಲಿ ಸರಕಾರ ಪೀಟ್ ನೆಲಗಳ ಪುನರುದ್ಧಾರಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಿ 20 ಲಕ್ಷ ಹೆಕ್ಟೇರಿನ ಗುರಿಯಿಟ್ಟಿತು. ಸೆಬಾಂಗಾವ್ ಕಾಡಿನಲ್ಲಿ ಕಳ್ಳಸಾಗಣೆಯವರು ದಿಮ್ಮಿ ತೇಲಿಸಲು ತೋಡಿದ್ದ ಕಾಲುವೆಗಳಿಗೆ ಅಡ್ಡಲಾಗಿ ಮರದ ಗೂಟ ಹೊಡೆದು, ನಡುವೆ ಮಣ್ಣಿನ ಚೀಲ ತುಂಬಿ ಕಟ್ಟೆ ಹಾಕಿದ್ದಾರೆ. ನಮ್ಮ ಕರಾವಳಿಯ ತೋಡುಗಳಿಗೆ ಬೇಸಗೆಯಲ್ಲಿ ಹಾಕುವ ಕಟ್ಟದಂಥದೇ ಕೆಲಸ. ಕಟ್ಟೆಯ ಹಿಂದೆ ಕರಿನೀರು ಮೆಲ್ಲಗೆ ಏರುತ್ತದೆ. ನೀರು ನಿಂತ ಕಡೆ ನೆಲ ಮತ್ತೆ ಒದ್ದೆಯಾಗಿ, ಬೆಂಕಿಗೆ ದಾರಿ ಸಿಗದಂತಾಗುತ್ತದೆ. ಆದರೆ 2020ರಲ್ಲಿ ಹಳೆಯ ಭತ್ತದ ಯೋಜನೆಯ ನೆಲದಲ್ಲೇ ಮತ್ತೆ ಆಹಾರದ ಮಹಾಯೋಜನೆಯೊಂದನ್ನು ಸರಕಾರ ಆರಂಭಿಸಿತು. ಒಂದು ಕೈ ಕಟ್ಟಿದ್ದನ್ನು ಇನ್ನೊಂದು ಕೈ ಬಿಚ್ಚುವ ಭಯ ಇದ್ದೇ ಇದೆ.

ಇದೆಲ್ಲ ದೂರದ ನಾಡಿನ ಕಥೆ, ನಮಗೇನು ಎನ್ನುವಂತಿಲ್ಲ. ಪ್ರಪಂಚದಲ್ಲಿ ಅತ್ಯಂತ ಹೆಚ್ಚು ತಾಳೆ ಎಣ್ಣೆಯನ್ನು ತರಿಸಿಕೊಳ್ಳುವ ದೇಶ ನಮ್ಮದೇ. ಬಿಸ್ಕತ್ತಿನ ಪೊಟ್ಟಣದಲ್ಲಿ, ಸಾಬೂನಿನಲ್ಲಿ, ಅಂಗಡಿಯ ಕುರುಕಲು ತಿಂಡಿಯಲ್ಲಿ ಅದು ನಮ್ಮ ಮನೆಯನ್ನು ಹೊಕ್ಕಿದೆ. ಯುರೋಪು ಕಾರಿಗೆ ಸುರಿದದ್ದನ್ನು ನಾವು ಬಾಣಲೆಗೆ ಸುರಿಯುತ್ತೇವೆ. ಹಳೆಯ ತೋಟದ ಹಳೆಯ ಗಿರಾಕಿ ಎಂದು ಮೇಲೆ ಹೇಳಿದೆವಲ್ಲ, ಅದು ನಾವೇ.

ಹವಾಮಾನದ ಒಪ್ಪಂದಗಳು ಬೇಡವೆಂದು ಇದರಿಂದ ಯಾರೂ ತಿಳಿಯಬೇಕಾಗಿಲ್ಲ. ಅವಿಲ್ಲದಿದ್ದರೆ ಈ ಜೌಗಿನ ಬೆಲೆಯೇ ಲೋಕಕ್ಕೆ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ತುದಿಯಲ್ಲಿ ನಿಂತು ಹೊಗೆಯನ್ನು ಅಳೆಯುವ ನಿಯಮ ಇನ್ನೊಂದು ತುದಿಯ ನೆಲವನ್ನೂ ಒಮ್ಮೆ ಮೆಟ್ಟಿ ನೋಡಬೇಕು. ಸೆಬಾಂಗಾವಿನ ಕಾಡಿನಲ್ಲಿ ಹಲಗೆಯ ದಾರಿಯಿಂದ ಕಾಲು ಜಾರಿದರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಸಾವಿರಾರು ವರ್ಷಗಳು ಕೂಡಿಟ್ಟ ಆ ನೆಲ ಅಷ್ಟು ಮೆತ್ತಗೆ. ಅದನ್ನು ಕಾಯಲು ಬೇಕಾದದ್ದು ನೀರು ನಿಲ್ಲಿಸುವ ಕಟ್ಟೆ, ಅದರ ಕಾವಲಿಗೆ ನಿಲ್ಲುವ ಊರು, ಆ ಊರಿನ ಒಲೆಯ ಮೇಲೆ ಅನ್ನ. ಈ ಮೂರರಲ್ಲಿ ಯಾವುದನ್ನು ಮರೆತರೂ ಮುಂದಿನ ಬರದ ವರ್ಷ ಅದನ್ನು ಹೊಗೆಯಲ್ಲಿ ನೆನಪಿಸುತ್ತದೆ.